ಯಕ್ಷಗಾನ ಪ್ರಸಂಗಗಳ ತಾಣಕ್ಕೆ ಸ್ವಂತ ಸರ್ವರ್: ಹೆಸ್ಟಿಯಾ ಹಾಕಿದ್ದು, ಬಾಗಿಲು ಮುಚ್ಚಿದ್ದು

ಯಕ್ಷಗಾನದ ಹಳೆಯ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುವ ಸಣ್ಣ ತಾಣವೊಂದನ್ನು ನಾವು ಕೆಲವು ಗೆಳೆಯರು ಸೇರಿ ನಡೆಸುತ್ತೇವೆ. ಅದು ವರ್ಡ್‌ಪ್ರೆಸ್ ತಾಣ, ತುಂಬಾ ಪಿಡಿಎಫ್‌ಗಳೇ. ಇಷ್ಟು ದಿನ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇತ್ತು. ಪುಸ್ತಕಗಳು ಜಾಸ್ತಿಯಾದ ಹಾಗೆ ಜಾಗ ಸಾಲದಾಯಿತು. ದೊಡ್ಡ ಕಡತ ಅಪ್‌ಲೋಡ್ ಮಾಡಲು ಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಒಂದು ವಿಪಿಎಸ್ (ಪೂರ್ತಿ ನಮ್ಮ ಹಿಡಿತದಲ್ಲಿರುವ ಬಾಡಿಗೆ ಸರ್ವರ್) ತೆಗೆದುಕೊಂಡು, ಅದರಲ್ಲಿ ಹೆಸ್ಟಿಯಾ ಕಂಟ್ರೋಲ್ ಪ್ಯಾನೆಲ್ (ಸರ್ವರನ್ನು ಬ್ರೌಸರಿನಿಂದಲೇ ನೋಡಿಕೊಳ್ಳುವ ತಂತ್ರಾಂಶ) ಹಾಕಿ, ತಾಣವನ್ನು ಅಲ್ಲಿಗೆ ಸಾಗಿಸಿದೆ. ಏನೇನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಕನ್ನಡದ ತಾಣ ಅನ್ನುವ ಕಾರಣಕ್ಕೇ ಬಂದ ಕೆಲವು ತೊಡಕುಗಳೂ ಇದರಲ್ಲಿವೆ. ಅವುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಕಮಾಂಡ್‌ಗಳನ್ನು ಇಲ್ಲಿ ಅಕ್ಷರ ಅಕ್ಷರವಾಗಿ ಕೊಟ್ಟಿಲ್ಲ. ಏನು ಮಾಡಬೇಕು ಅಂತ ಹೇಳಿದ್ದೇನೆ. ಟೈಪ್ ಮಾಡುವಾಗ ನಿಮ್ಮ ಆವೃತ್ತಿಯ ಕೈಪಿಡಿ ಪಕ್ಕದಲ್ಲಿರಲಿ.

ಪ್ಯಾನೆಲ್ ಬೇಕಾ?

ಒಂದೇ ತಾಣಕ್ಕೆ ಪ್ಯಾನೆಲ್ ಯಾಕೆ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾನೊಬ್ಬನೇ ನೋಡಿಕೊಳ್ಳುವುದಾಗಿದ್ದರೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶದ ಸೆಟ್ಟಿಂಗ್ ಕಡತಗಳನ್ನು ಕೈಯಲ್ಲೇ ಬರೆಯುತ್ತಿದ್ದೆ. ಆದರೆ ಇದು ಗುಂಪಿನ ಕೆಲಸ. ನಾನು ಊರಲ್ಲಿ ಇಲ್ಲದಾಗ ಇನ್ನೊಬ್ಬರು ಸರ್ಟಿಫಿಕೇಟ್ ನೋಡಬೇಕು, ಬ್ಯಾಕಪ್ ತೆಗೆಯಬೇಕು. ಅವರಿಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅಂದರೆ ಭಯ. ಪ್ಯಾನೆಲ್ ಇದ್ದರೆ ಅವರೂ ಧೈರ್ಯವಾಗಿ ಕೈ ಹಾಕುತ್ತಾರೆ.

ಯಾವ ಪ್ಯಾನೆಲ್? ಸಿಪ್ಯಾನೆಲ್ 1996ರಿಂದ ಇರುವ ಹೆಸರು. ಆದರೆ 2019ರಲ್ಲಿ ಅವರು ಬೆಲೆಯನ್ನು ಖಾತೆಗಳ ಲೆಕ್ಕಕ್ಕೆ ಬದಲಾಯಿಸಿದರು. ಚಂದಾ ಎತ್ತಿ ನಡೆಸುವ ತಾಣಕ್ಕೆ ತಿಂಗಳು ತಿಂಗಳು ಲೈಸೆನ್ಸ್ ಹಣ ಕಟ್ಟುವುದು ಕಷ್ಟ. ಹೆಸ್ಟಿಯಾ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ವೆಸ್ಟಾ ಅನ್ನುವ ಹಳೆಯ ಪ್ಯಾನೆಲ್‌ನಿಂದ ಕವಲೊಡೆದು ಬಂದದ್ದು.

ಆ ವೆಸ್ಟಾದ ಕತೆ ತಿಳಿದಿದ್ದರೆ ಮುಂದೆ ನಾನು ಮಾಡಿದ್ದೆಲ್ಲ ಯಾಕೆ ಅಂತ ಅರ್ಥವಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಅದರ ಒಂದು ದೋಷ ಹಿಡಿದು ತುಂಬಾ ಸರ್ವರ್‌ಗಳಿಗೆ ನುಗ್ಗಿದರು. ಆ ಸರ್ವರ್‌ಗಳಿಂದಲೇ ಬೇರೆಯವರ ಮೇಲೆ ಡಿಡಾಸ್ ದಾಳಿ (ಎಲ್ಲ ಕಡೆಯಿಂದ ಒಟ್ಟಿಗೆ ಮುಗಿಬಿದ್ದು ಸರ್ವರ್ ಕೂರಿಸುವುದು) ಮಾಡಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಸಂಗತಿ ಹೊರಬಂತು. ವೆಸ್ಟಾದ ಇನ್‌ಸ್ಟಾಲರನ್ನೇ ಯಾರೋ ತಿದ್ದಿದ್ದರು. ಹೊಸದಾಗಿ ಹಾಕಿಕೊಂಡವರ ಅಡ್ಮಿನ್ ಪಾಸ್‌ವರ್ಡ್ ಹೊರಗೆ ಸೋರಿಹೋಗುತ್ತಿತ್ತು. ಇದು ಹಳೆಯ ಕಾಲದ ಮಾತು ಅಂತ ಬಿಡುವ ಹಾಗೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್ ಅನ್ನುವ ಇನ್ನೊಂದು ಪ್ಯಾನೆಲ್‌ನಲ್ಲಿ ಸಿಕ್ಕ ದೋಷದಿಂದ ಲಾಗಿನ್ ಆಗದೆಯೇ ರೂಟ್ (ಸರ್ವರಿನಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ) ಆಗಿ ಕಮಾಂಡ್ ಓಡಿಸಬಹುದಿತ್ತು. ಸಾವಿರಾರು ಸರ್ವರ್‌ಗಳ ಕಡತಗಳಿಗೆ ರಾನ್ಸಮ್‌ವೇರ್ ಬೀಗ ಬಿತ್ತು.

ತಾಣ ಸೇರಿಸುವುದು, ಫೈರ್‌ವಾಲ್ ತಿದ್ದುವುದು, ಡೇಟಾಬೇಸ್ ಅಳಿಸುವುದು, ಇದೆಲ್ಲ ಪ್ಯಾನೆಲ್ ರೂಟ್ ಅಧಿಕಾರದಲ್ಲಿ ಮಾಡುವ ಕೆಲಸ. ಮನೆಯ ಎಲ್ಲ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಇದ್ದ ಹಾಗೆ ಇದು. ಹಾಗಾಗಿ ನಾನು ಹಿಡಿದ ದಾರಿ ಒಂದೇ: ಪ್ಯಾನೆಲ್ ಇರಲಿ, ಆದರೆ ಇಂಟರ್ನೆಟ್ಟಿಗೆ ಅದು ಕಾಣಲೇಬಾರದು. ಪ್ಯಾನೆಲ್ ಹಾಕುವುದರಿಂದ ಉಳಿಯುವ ಸಮಯವನ್ನು ಅದನ್ನು ಮುಚ್ಚುವುದಕ್ಕೇ ಖರ್ಚು ಮಾಡಬೇಕು.

ಖಾಲಿ ಸರ್ವರ್, ಮೊದಲು ಎಸ್‌ಎಸ್‌ಎಚ್

ತೆಗೆದುಕೊಂಡದ್ದು 2 ಜಿಬಿ ರ‍್ಯಾಮ್, 2 ಕೋರ್ ಇರುವ ವಿಪಿಎಸ್. ಓದುವವರು ಹೆಚ್ಚಾಗಿ ಕರಾವಳಿ, ಮಲೆನಾಡಿನವರು. ಅದಕ್ಕೇ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿದೆ. ಓಎಸ್ ಡೆಬಿಯನ್ 12, ಲಿನಕ್ಸ್‌ನ ಒಂದು ಬಗೆ. 2023ರ ಜೂನ್‌ನಲ್ಲಿ ಬಂದ ಆವೃತ್ತಿ ಇದು. ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಹೆಸ್ಟಿಯಾಗೆ ಏನೂ ಹಾಕದ, ಹೊಚ್ಚ ಹೊಸ ಓಎಸ್ ಬೇಕು. ಮೊದಲೇ ಅಪಾಚೆ ವೆಬ್ ಸರ್ವರನ್ನೋ ಮಾರಿಯಾಡಿಬಿ ಡೇಟಾಬೇಸನ್ನೋ ಹಾಕಿಟ್ಟುಕೊಂಡು ಆಮೇಲೆ ಇದನ್ನು ಹಾಕಲು ಹೋಗಬೇಡಿ.

ಪ್ಯಾನೆಲ್‌ಗಿಂತ ಮೊದಲು, ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್ ಭದ್ರ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಇಡಿ25519 ಮಾದರಿಯ ಕೀಲಿ ಜೋಡಿ ಮಾಡಿಕೊಂಡು, ಅದಕ್ಕೆ ಪಾಸ್‌ಫ್ರೇಸ್ ಹಾಕಿ, ಸಾರ್ವಜನಿಕ ಕೀಲಿಯನ್ನು ಸರ್ವರ್‌ಗೆ ಕಳಿಸಿದೆ. ಆಮೇಲೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಸ್‌ಎಸ್‌ಎಚ್‌ಡಿಯ (ಸರ್ವರಿನಲ್ಲಿ ಓಡುವ ಎಸ್‌ಎಸ್‌ಎಚ್ ಸೇವೆ) ಮುಖ್ಯ ಸೆಟ್ಟಿಂಗ್ ಕಡತದ ತಲೆಯಲ್ಲೇ ಪಕ್ಕದ ಫೋಲ್ಡರಿನ ತುಣುಕು ಕಡತಗಳನ್ನು ಸೇರಿಸಿಕೊಳ್ಳುವ ಸಾಲು ಇರುತ್ತದೆ. ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಎಷ್ಟೋ ಕ್ಲೌಡ್ ಇಮೇಜ್‌ಗಳಲ್ಲಿ ಆ ಫೋಲ್ಡರಿನೊಳಗೆ ಕ್ಲೌಡ್-ಇನಿಟ್ (ಹೊಸ ಸರ್ವರನ್ನು ಮೊದಲ ಸಲ ಹೊಂದಿಸುವ ತಂತ್ರಾಂಶ) ಬರೆದ ಒಂದು ಕಡತ ಇರುತ್ತದೆ, ಅದು ಪಾಸ್‌ವರ್ಡ್ ಲಾಗಿನ್ ಇರಲಿ ಅನ್ನುತ್ತದೆ. ನೀವು ಮುಖ್ಯ ಕಡತದಲ್ಲಿ ಬೇಡ ಅಂತ ಬರೆದು, ಸೇವೆ ಮರುಪ್ರಾರಂಭ ಮಾಡಿ, ಎಲ್ಲ ಸರಿಯಾಯಿತು ಅಂತ ಅಂದುಕೊಂಡಿರುತ್ತೀರಿ. ಪಾಸ್‌ವರ್ಡ್ ಲಾಗಿನ್ ಮಾತ್ರ ನಡೆಯುತ್ತಲೇ ಇರುತ್ತದೆ. ಅದಕ್ಕೇ ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಅಕ್ಷರದ ಆಯ್ಕೆ ಕೊಟ್ಟು ಓಡಿಸಿ. ಎಲ್ಲ ಕಡತ ಸೇರಿಸಿದ ಮೇಲೆ ನಿಜಕ್ಕೂ ಜಾರಿಯಲ್ಲಿರುವ ಸೆಟ್ಟಿಂಗ್‌ಗಳನ್ನು ಅದು ತೋರಿಸುತ್ತದೆ. ಕಡತವನ್ನಲ್ಲ, ಈ ಪಟ್ಟಿಯನ್ನು ನಂಬಿ. ಹೊಸ ಕಿಟಕಿಯಲ್ಲಿ ಒಳಗೆ ಬರಲು ಆಗುತ್ತದೆ ಅಂತ ನೋಡುವವರೆಗೆ ಹಳೆಯ ಕಿಟಕಿ ಮುಚ್ಚಬೇಡಿ.

ಎಸ್‌ಎಸ್‌ಎಚ್‌ನ ಪೋರ್ಟ್ ನಂಬರ್ (ಸರ್ವರಿನಲ್ಲಿ ಪ್ರತಿ ಸೇವೆಗೂ ಇರುವ ಬಾಗಿಲಿನ ಸಂಖ್ಯೆ) ಬದಲಾಯಿಸಲಿಲ್ಲ. ಬದಲಾಯಿಸಿದರೆ ಲಾಗ್‌ನಲ್ಲಿ ಗಲಾಟೆ ಕಡಿಮೆ ಆಗುತ್ತದೆ, ಅಷ್ಟೇ. ಕೀಲಿ ಇಲ್ಲದೆ ಒಳಗೆ ಬರಲು ಆಗದು ಅಂದಮೇಲೆ ಅದರಿಂದ ದೊಡ್ಡ ಲಾಭ ಇಲ್ಲ.

ಇನ್‌ಸ್ಟಾಲ್: ಬೇಡದ್ದನ್ನು ಬಿಡುವುದೇ ಕೆಲಸ

ಹೆಸ್ಟಿಯಾ ಹಾಕುವ ಮೊದಲು ಸರ್ವರ್‌ಗೆ ಒಂದು ಪೂರ್ಣ ಹೆಸರು ಕೊಡಬೇಕು. ತಾಣದ ಹೆಸರನ್ನೇ ಕೊಡಬಾರದು, ಅದರ ಉಪಡೊಮೇನ್ ಒಂದನ್ನು ಕೊಡಬೇಕು. ಆ ಹೆಸರಿನ ಡಿಎನ್‌ಎಸ್ ದಾಖಲೆಯನ್ನು (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ದಾಖಲೆ) ಮೊದಲೇ ಸರ್ವರಿನ ಐಪಿಗೆ ತೋರಿಸಿಟ್ಟರೆ ಪ್ಯಾನೆಲ್‌ಗೂ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಸುಲಭವಾಗಿ ಸಿಗುತ್ತದೆ.

ಇನ್‌ಸ್ಟಾಲರನ್ನು ನೇರ ಓಡಿಸುವ ಬದಲು ಇಳಿಸಿಕೊಂಡು ಒಮ್ಮೆ ಓದಿದೆ. ಅದು ಬರೀ ಶೆಲ್ ಸ್ಕ್ರಿಪ್ಟ್. ಎಲ್ಲ ಸಾಲು ಅರ್ಥ ಆಗದಿದ್ದರೂ ಯಾವ ಯಾವ ರೆಪೊಸಿಟರಿ (ತಂತ್ರಾಂಶ ಇಳಿಸುವ ಭಂಡಾರ) ಸೇರಿಸುತ್ತದೆ, ಏನೇನು ಹಾಕುತ್ತದೆ ಅಂತ ಗೊತ್ತಾಗುತ್ತದೆ. ವೆಸ್ಟಾದಲ್ಲಿ ಆದದ್ದು ನೆನಪಿದ್ದವರಿಗೆ ಇದು ಅತಿ ಅನ್ನಿಸುವುದಿಲ್ಲ.

ಸುಮ್ನೆ ಓಡಿಸಿದರೆ ಹೆಸ್ಟಿಯಾ ಒಂದು ಇಡೀ ಹೋಸ್ಟಿಂಗ್ ಕಂಪನಿಗೆ ಬೇಕಾದಷ್ಟನ್ನು ತಂದು ಕೂರಿಸುತ್ತದೆ: ಮುಂದೆ ಎಂಜಿನ್‌ಎಕ್ಸ್, ಹಿಂದೆ ಅಪಾಚೆ, ಪಿಎಚ್‌ಪಿ, ಮಾರಿಯಾಡಿಬಿ, ಮೇಲ್‌ಗೆ ಎಕ್ಸಿಮ್ ಮತ್ತು ಡವ್‌ಕಾಟ್, ಡಿಎನ್‌ಎಸ್‌ಗೆ ಬೈಂಡ್, ಎಫ್‌ಟಿಪಿ. ರ‍್ಯಾಮ್ ಸಾಕಷ್ಟಿದ್ದರೆ ವೈರಸ್ ಹುಡುಕುವ ಕ್ಲ್ಯಾಮ್‌ಎವಿ, ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್ ಕೂಡ. ಪ್ರತಿಯೊಂದಕ್ಕೂ ಅದರದೇ ಪೋರ್ಟ್, ಅದರದೇ ದೋಷಗಳು, ಅದರದೇ ಅಪ್‌ಡೇಟ್. ನಮಗೆ ಬೇಕಾದದ್ದು ಎಂಜಿನ್‌ಎಕ್ಸ್, ಪಿಎಚ್‌ಪಿ, ಮಾರಿಯಾಡಿಬಿ, ಫೈರ್‌ವಾಲ್, ಪದೇ ಪದೇ ಲಾಗಿನ್ ಸೋಲುವವರನ್ನು ತಡೆಯುವ ಫೇಲ್‌2ಬ್ಯಾನ್ ಮಾತ್ರ. ಉಳಿದದ್ದಕ್ಕೆಲ್ಲ ಬೇಡ ಅಂತ ಆಯ್ಕೆ ಕೊಟ್ಟೆ. ಡಿಎನ್‌ಎಸ್ ಹೇಗೂ ಡೊಮೇನ್ ಕೊಂಡಲ್ಲೇ ಇದೆ. ಕಡತ ಸಾಗಿಸಲು ಎಸ್‌ಎಫ್‌ಟಿಪಿ ಇದೆ, ಅದು ಎಸ್‌ಎಸ್‌ಎಚ್ ಜೊತೆಗೇ ಬರುತ್ತದೆ. ರಿಮೋಟ್ ಎಪಿಐ, ಬ್ರೌಸರಿನಲ್ಲೇ ತೆರೆಯುವ ಟರ್ಮಿನಲ್ ಎರಡನ್ನೂ ಬಿಟ್ಟೆ.

ಮೇಲ್ ಬಗ್ಗೆ ಗೆಳೆಯರ ಜೊತೆ ಸ್ವಲ್ಪ ಚರ್ಚೆ ಆಯಿತು. ತಾಣದ ಹೆಸರಲ್ಲೇ ಇಮೇಲ್ ಇದ್ದರೆ ಚೆನ್ನ ಅಂತ ಅವರ ಆಸೆ. ಆದರೆ ಸ್ವಂತ ಮೇಲ್ ಸರ್ವರ್ ಅಂದರೆ ಪತ್ರ ನಿಜಕ್ಕೂ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್, ರಿವರ್ಸ್ ಡಿಎನ್‌ಎಸ್ ಎಲ್ಲ ಸರಿ ಇರಬೇಕು. ಎಷ್ಟೋ ಕ್ಲೌಡ್ ಕಂಪನಿಗಳು ಪೋರ್ಟ್ 25ರಲ್ಲಿ ಹೊರಗೆ ಹೋಗುವುದನ್ನೇ ತಡೆದಿಡುತ್ತವೆ. ಇಷ್ಟೆಲ್ಲ ಮಾಡಿಯೂ ಪತ್ರ ಸ್ಪ್ಯಾಮ್‌ಗೆ ಬೀಳಬಹುದು. ಮೇಲ್ ಬೇರೆ ಕಡೆ ಇರಲಿ, ಸರ್ವರ್‌ನಿಂದ ಹೋಗುವ ಸೂಚನೆಗಳಿಗೆ ಎಸ್‌ಎಂಟಿಪಿ ರಿಲೇ (ಬೇರೆಯವರ ಮೇಲ್ ಸರ್ವರ್ ಮೂಲಕ ಕಳಿಸುವುದು) ಸಾಕು ಅಂತ ತೀರ್ಮಾನ ಆಯಿತು. ಈ ಒಂದು ನಿರ್ಧಾರದಿಂದ ಎಷ್ಟೊಂದು ಪೋರ್ಟ್‌ಗಳು ಹೋದವು, ರ‍್ಯಾಮ್ ಎಷ್ಟು ಉಳಿಯಿತು! ಕ್ಲ್ಯಾಮ್‌ಎವಿ ಒಂದೇ ಒಂದು ಜಿಬಿಗಿಂತ ಜಾಸ್ತಿ ನುಂಗುತ್ತದೆ. ನಮ್ಮ ಸರ್ವರಿನಲ್ಲಿ ಇರುವುದೇ ಎರಡು.

ಅಪಾಚೆ ಬಿಟ್ಟದ್ದಕ್ಕೆ ಒಂದು ಬೆಲೆ ಇದೆ, ಇದನ್ನು ಮರೆಯಬೇಡಿ. ಎಚ್‌ಟಿ‌ಆಕ್ಸೆಸ್ ಕಡತಗಳನ್ನು (ಒಂದೊಂದು ಫೋಲ್ಡರಿನ ನಿಯಮವನ್ನು ಅಪಾಚೆಗೆ ಹೇಳುವಂಥವು) ಎಂಜಿನ್‌ಎಕ್ಸ್ ಓದುವುದೇ ಇಲ್ಲ. ಕೆಲವು ವರ್ಡ್‌ಪ್ರೆಸ್ ಪ್ಲಗಿನ್‌ಗಳು ಆ ಕಡತದಲ್ಲಿ ಎರಡು ಸಾಲು ಬರೆದು, ಹಸಿರು ಗುರುತು ತೋರಿಸಿ, ನಿಮ್ಮ ಫೋಲ್ಡರ್ ಸುರಕ್ಷಿತ ಅನ್ನುತ್ತವೆ. ಇಲ್ಲಿ ಆ ಸಾಲುಗಳಿಂದ ಏನೂ ಆಗುವುದಿಲ್ಲ. ಆ ತಡೆಯನ್ನು ನಾವೇ ಎಂಜಿನ್‌ಎಕ್ಸ್‌ನಲ್ಲಿ ಬರೆಯಬೇಕು. ಅದು ಮುಂದೆ ಬರುತ್ತದೆ.

ಪ್ಯಾನೆಲ್‌ನ ಬಾಗಿಲು

ಹೆಸ್ಟಿಯಾ ಪೋರ್ಟ್ 8083ರಲ್ಲಿ ಕೂರುತ್ತದೆ. ಹಾಕಿದ ಕೂಡಲೇ ಅದು ಇಡೀ ಜಗತ್ತಿಗೆ ತೆರೆದಿರುತ್ತದೆ. ನನ್ನ ಐಪಿಗೆ ಮಾತ್ರ ಬಿಡೋಣ ಅಂದರೆ, ನಮ್ಮಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ಐಪಿ ಬದಲಾಗುತ್ತಲೇ ಇರುತ್ತದೆ. ಮೊಬೈಲ್ ಡೇಟಾದಲ್ಲಂತೂ ಒಂದೇ ಸಾರ್ವಜನಿಕ ಐಪಿಯ ಹಿಂದೆ ಸಾವಿರಾರು ಜನ ಇರುತ್ತಾರೆ. ಅದನ್ನು ನಂಬಿ ಬಾಗಿಲು ತೆರೆಯುವ ಹಾಗಿಲ್ಲ.

ಅದಕ್ಕೇ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿದೆ, ಅಂದರೆ ನಮ್ಮ ಯಂತ್ರಗಳ ನಡುವೆ ಮಾತ್ರ ಇರುವ ಒಂದು ಒಳಜಾಲ. 2020ರ ಮಾರ್ಚ್‌ನಲ್ಲಿ ಬಂದ 5.6 ಆವೃತ್ತಿಯಿಂದ ಇದು ಲಿನಕ್ಸ್ ಕರ್ನೆಲ್ಲಿನೊಳಗೇ ಇದೆ. ಯುಡಿಪಿ 51820ರಲ್ಲಿ ಕೇಳುತ್ತದೆ. ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಪೋರ್ಟ್ ತಡಕುವವರಿಗೆ ಅಲ್ಲಿ ಏನಾದರೂ ಇದೆ ಅಂತಲೇ ತಿಳಿಯದು. ನನ್ನ ಮತ್ತು ಇನ್ನೊಬ್ಬ ಗೆಳೆಯನ ಲ್ಯಾಪ್‌ಟಾಪ್‌ಗೆ ಒಂದೊಂದು ಕೀಲಿ. ಆಮೇಲೆ ಹೆಸ್ಟಿಯಾದ ಫೈರ್‌ವಾಲ್ ಪುಟದಲ್ಲಿ 8083ರ ನಿಯಮ ತೆರೆದು, ಎಲ್ಲರಿಗೂ ಅಂತ ಇದ್ದ ಐಪಿ ಜಾಗದಲ್ಲಿ ವೈರ್‌ಗಾರ್ಡ್‌ನ ಒಳಜಾಲವನ್ನು ಬರೆದೆ. ಮೊದಲು ವೈರ್‌ಗಾರ್ಡ್‌ನ ಪೋರ್ಟಿಗೆ ದಾರಿ ಕೊಡಿ, ಅದರ ಮೂಲಕ ಪ್ಯಾನೆಲ್ ತೆರೆಯುತ್ತದಾ ನೋಡಿ, ಆಮೇಲೆ ಹೊರಗಿನದನ್ನು ಮುಚ್ಚಿ. ಇದೇ ಕ್ರಮ ಇರಲಿ.

ಫೈರ್‌ವಾಲ್ ನಿಯಮಗಳನ್ನು ಪ್ಯಾನೆಲ್ ಮೂಲಕವೇ ಸೇರಿಸಿ. ಟರ್ಮಿನಲ್‌ನಲ್ಲಿ ಕೈಯಾರೆ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ಸಾಲು ಹಾಕಿದರೆ, ಮುಂದಿನ ಸಲ ಹೆಸ್ಟಿಯಾ ತನ್ನ ಪಟ್ಟಿಯನ್ನು ಹೊಸದಾಗಿ ಬರೆಯುವಾಗ ನಿಮ್ಮ ಸಾಲು ಹೋಗಿಬಿಡುತ್ತದೆ.

ಬ್ರೌಸರಿನಲ್ಲಿ ಒಳಜಾಲದ ಐಪಿ ಹಾಕಿದರೆ ಸರ್ಟಿಫಿಕೇಟ್ ಹೆಸರು ಹೊಂದದೆ ಎಚ್ಚರಿಕೆ ಬರುತ್ತದೆ. ಅದನ್ನು ಒತ್ತಿ ಮುಂದೆ ಹೋಗುವ ಅಭ್ಯಾಸ ಯಾರಿಗೂ ಆಗಬಾರದು. ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಕಡತದಲ್ಲಿ ಪ್ಯಾನೆಲ್‌ನ ಹೆಸರನ್ನು ಒಳಜಾಲದ ಐಪಿಗೆ ಜೋಡಿಸಿದೆ. ಹೆಸರೂ ಅದೇ, ಪೋರ್ಟೂ ಅದೇ, ಎಚ್ಚರಿಕೆ ಇಲ್ಲ. ಇಷ್ಟಾದ ಮೇಲೂ ಪ್ಯಾನೆಲ್ ಲಾಗಿನ್‌ಗೆ ಎರಡು ಹಂತದ ದೃಢೀಕರಣ ಹಾಕಿದ್ದೇನೆ. ಲ್ಯಾಪ್‌ಟಾಪ್ ಕಳೆದುಹೋಗಬಹುದು, ಅಲ್ವಾ? ವೈರ್‌ಗಾರ್ಡ್ ಕೈಕೊಟ್ಟರೆ ಎಸ್‌ಎಸ್‌ಎಚ್ ಸುರಂಗದ ಮೂಲಕ ಪ್ಯಾನೆಲ್‌ಗೆ ಹೋಗಬಹುದು. ಅದಕ್ಕಾಗಿಯೇ ಎಸ್‌ಎಸ್‌ಎಚ್ ಅನ್ನು ವೈರ್‌ಗಾರ್ಡ್‌ನ ಹಿಂದೆ ತಳ್ಳದೆ, ಕೀಲಿ ಲಾಗಿನ್ ಮಾತ್ರ ಇಟ್ಟು ಹೊರಗೇ ಬಿಟ್ಟಿದ್ದೇನೆ.

ಇನ್ನೊಂದು ಬಾಗಿಲು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ, ಅದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. ನಾನು ಹಾಕಿದ ಆವೃತ್ತಿಯಲ್ಲಿ ಹೆಸ್ಟಿಯಾದ ಫೈರ್‌ವಾಲ್ ಐಪಿವಿ4 ಮಾತ್ರ ನೋಡುತ್ತದೆ. ಸರ್ವರ್‌ಗೆ ಐಪಿವಿ6 ವಿಳಾಸವೂ ಇದ್ದರೆ ಆ ಕಡೆಯಿಂದ ಯಾವ ತಡೆಯೂ ಇರುವುದಿಲ್ಲ. ಎಸ್‌ಎಸ್ ಕಮಾಂಡ್ ಓಡಿಸಿ ಯಾವ ಸೇವೆ ಯಾವ ವಿಳಾಸದಲ್ಲಿ ಕೇಳುತ್ತಿದೆ ಅಂತ ಸಾಲು ಸಾಲಾಗಿ ನೋಡಿ. ನಾನು ವಿಪಿಎಸ್ ಕಂಪನಿಯ ಕ್ಲೌಡ್ ಫೈರ್‌ವಾಲ್ ಕೂಡ ಹಾಕಿದೆ. ಅದು ಸರ್ವರಿನ ಹೊರಗೇ ನಿಂತು ಎರಡೂ ಬಗೆಯ ವಿಳಾಸಕ್ಕೆ ತಡೆ ಹಾಕುತ್ತದೆ. ಎಸ್‌ಎಸ್‌ಎಚ್‌ನ 22, ವೆಬ್‌ನ 80 ಮತ್ತು 443, ಮತ್ತೆ ವೈರ್‌ಗಾರ್ಡ್‌ನ ಯುಡಿಪಿ 51820. ಇಷ್ಟು ಬಿಟ್ಟು ಬೇರೇನೂ ಒಳಗೆ ಬರುವುದಿಲ್ಲ. ಆಮೇಲೆ ಹೊರಗಿನ ಇನ್ನೊಂದು ಯಂತ್ರದಿಂದ ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿ, ಎರಡೂ ವಿಳಾಸಗಳಲ್ಲಿ ಇವನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಫೇಲ್‌2ಬ್ಯಾನ್ ಹೆಸ್ಟಿಯಾ ಜೊತೆಗೇ ಬರುತ್ತದೆ. ಅದು ಓಡುತ್ತಿದೆಯಾ ಅಂತ ಮಾತ್ರ ನೋಡಿದರೆ ಸಾಲದು. ಡೆಬಿಯನ್ 12ರಲ್ಲಿ ಹಳೆಯ ಪಠ್ಯ ಲಾಗ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಲಾಗ್ ಎಲ್ಲ ಸಿಸ್ಟಮ್‌ಡಿಯ ಜರ್ನಲ್‌ಗೆ ಹೋಗುತ್ತದೆ. ಫೇಲ್‌2ಬ್ಯಾನ್ ಇಲ್ಲದ ಕಡತವನ್ನು ಓದಲು ಕಾಯುತ್ತಿದ್ದರೆ ಯಾರನ್ನೂ ತಡೆಯುವುದಿಲ್ಲ. ಪ್ರತಿ ಜೈಲಿನ (ಒಂದೊಂದು ಸೇವೆಗೆ ಅದು ಇಡುವ ಕಾವಲು) ಸ್ಥಿತಿ ಕೇಳಿ ನೋಡಿ. ಸೋತ ಪ್ರಯತ್ನಗಳ ಲೆಕ್ಕ ಏರುತ್ತಿದ್ದರೆ ಸರಿಯಾಗಿದೆ ಅಂತ ಅರ್ಥ.

ತಾಣವನ್ನು ತಂದದ್ದು

ಪ್ಯಾನೆಲ್‌ನ ಅಡ್ಮಿನ್ ಖಾತೆಯಲ್ಲಿ ತಾಣ ಇಡಬಾರದು. ತಾಣಕ್ಕೆಂದು ಬೇರೆ ಬಳಕೆದಾರ, ಅವನಿಗೆ ಶೆಲ್ (ಲಾಗಿನ್ ಆಗಿ ಕಮಾಂಡ್ ಓಡಿಸುವ ಅವಕಾಶ) ಇಲ್ಲ. ವರ್ಡ್‌ಪ್ರೆಸ್‌ಗೆ ಏನಾದರೂ ಆದರೂ ಆ ಮನೆಯೊಳಗೇ ಉಳಿಯಲಿ.

ಡಿಎನ್‌ಎಸ್ ಬದಲಾಯಿಸುವ ಮೊದಲೇ ಹೋಸ್ಟ್ಸ್ ಕಡತದ ಮೂಲಕ ಹೊಸ ಸರ್ವರ್‌ನಲ್ಲಿ ತಾಣ ತೆರೆದು ನೋಡಿದೆ. ಆಗ ಕನ್ನಡದ ತೊಡಕುಗಳು ಶುರುವಾದವು.

ಮೊದಲನೆಯದು, ಪುಟಗಳಲ್ಲಿ ಕನ್ನಡದ ಬದಲು ವಿಚಿತ್ರ ಅಕ್ಷರಗಳು. ತಲೆಯ ಮೇಲೆ ಗೆರೆ ಇರುವ ರೋಮನ್ ಎ, ಅದರ ಪಕ್ಕ ಸಣ್ಣ 2 ಅಥವಾ ಸಣ್ಣ 3, ಮತ್ತೆ ಅದೇ. ಈ ಗುರುತು ಕಂಡರೆ ಗಾಬರಿ ಬೇಡ, ಕನ್ನಡ ಅಲ್ಲೇ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ. ಎರಡನೆಯದು ಎರಡೇ ಬಗೆ: ಸ್ವರ, ವ್ಯಂಜನ, ಆ ಮತ್ತು ಇ ಕಾರದ ಗುರುತಿಗೆ ಒಂದು, ಈ ಕಾರದಿಂದ ಮುಂದಿನ ಗುರುತುಗಳಿಗೂ ಅಂಕಿಗಳಿಗೂ ಇನ್ನೊಂದು. ಆ ಬೈಟ್‌ಗಳನ್ನು ಲ್ಯಾಟಿನ್-1 (ರೋಮನ್ ಲಿಪಿಯ ಹಳೆಯ ಪದ್ಧತಿ) ಅಂತ ಓದಿದರೆ ಮೊದಲನೆಯದು ಗೆರೆ ಇರುವ ಎ ಆಗುತ್ತದೆ, ಎರಡನೆಯದು ಸಣ್ಣ 2 ಅಥವಾ ಸಣ್ಣ 3 ಆಗುತ್ತದೆ. ಹಳೆಯ ಡೇಟಾಬೇಸ್‌ನ ಟೇಬಲ್‌ಗಳು ತಾವು ಲ್ಯಾಟಿನ್-1 ಅಂತ ಹೇಳಿಕೊಂಡಿದ್ದವು. ಒಳಗಿದ್ದದ್ದು ಯುಟಿಎಫ್-8 ಬೈಟ್‌ಗಳು. ಸುಮ್ನೆ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆದರೆ ತಂತ್ರಾಂಶ ಅವನ್ನು ಇನ್ನೊಮ್ಮೆ ಯುಟಿಎಫ್-8ಕ್ಕೆ ಪರಿವರ್ತಿಸಿ ಕೆಡಿಸುತ್ತದೆ.

ಪರಿಹಾರ ಹೀಗೆ. ಡಂಪ್ ತೆಗೆಯುವಾಗ ಸಂಪರ್ಕದ ಅಕ್ಷರಮಾಲೆಯನ್ನೂ ಲ್ಯಾಟಿನ್-1 ಅಂತಲೇ ಹೇಳಬೇಕು. ಆಗ ಪರಿವರ್ತನೆ ನಡೆಯುವುದಿಲ್ಲ, ಬೈಟ್‌ಗಳು ಇದ್ದ ಹಾಗೇ ಹೊರಬರುತ್ತವೆ. ಡಂಪ್ ಕಡತವನ್ನು ಎಡಿಟರಿನಲ್ಲಿ ತೆರೆದರೆ ಶುದ್ಧ ಕನ್ನಡ ಕಾಣಬೇಕು. ಕಂಡರೆ, ಕಡತದಲ್ಲಿ ಲ್ಯಾಟಿನ್-1 ಅಂತ ಘೋಷಿಸಿರುವ ಕಡೆಯಲ್ಲೆಲ್ಲ ಯುಟಿಎಫ್8ಎಂಬಿ4 ಅಂತ ಬದಲಾಯಿಸಿ, ಹೊಸ ಡೇಟಾಬೇಸ್‌ಗೆ ತುಂಬಿಸಿ. ಹಳೆಯ ಮೂರು ಬೈಟಿನ ಯುಟಿಎಫ್8 ಕನ್ನಡಕ್ಕೆ ಸಾಕಾಗುತ್ತದೆ. ಆದರೆ ಓದುಗರು ಕಮೆಂಟಿನಲ್ಲಿ ಹಾಕುವ ಇಮೋಜಿಗೆ ನಾಲ್ಕು ಬೈಟ್ ಬೇಕು. ಹಾಗಾಗಿ ಎಂಬಿ4 ಇರುವುದೇ ಆಗಲಿ.

ಎರಡನೆಯದು ಪಿಡಿಎಫ್‌ಗಳ ಹೆಸರು. ಕನ್ನಡದಲ್ಲೇ ಹೆಸರಿಟ್ಟ ಕಡತಗಳಲ್ಲಿ ಕೆಲವು ತೆರೆಯುತ್ತಿದ್ದವು, ಕೆಲವಕ್ಕೆ 404, ಅಂದರೆ ಕಡತ ಸಿಗಲಿಲ್ಲ ಅನ್ನುವ ಉತ್ತರ. ಕರ್ಣ ಅಂತ ಇದ್ದದ್ದು ಸರಿ, ಭೀಷ್ಮ ಅಂತ ಇದ್ದದ್ದು ಸಿಗುತ್ತಿಲ್ಲ. ಕಣ್ಣಿಗೆ ಕೊಂಡಿಯೂ ಕಡತದ ಹೆಸರೂ ಒಂದೇ. ಕಾರಣ ದೀರ್ಘ. ಯುನಿಕೋಡ್‌ನಲ್ಲಿ ಈ ಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಅಂತ ಎರಡು ಸಂಕೇತವಾಗಿಯೂ ಬರೆಯಬಹುದು. ಏ, ಐ, ಒ, ಓ ಕಾರಗಳಿಗೂ ಹಾಗೇ. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಸರನ್ನು ಒಡೆದೇ ಇಡುತ್ತಿತ್ತು. ನಮ್ಮ ಸ್ಕ್ಯಾನ್‌ಗಳಲ್ಲಿ ಒಂದಷ್ಟು ಅಂಥ ಮ್ಯಾಕ್‌ನಿಂದ ಬಂದವು. ಲಿನಕ್ಸ್‌ಗೆ ಹೆಸರು ಅಂದರೆ ಬೈಟ್‌ಗಳ ಸಾಲು. ಬೈಟ್ ಬೇರೆ ಆದರೆ ಕಡತವೂ ಬೇರೆ. ಕಾನ್ವ್‌ಎಂವಿ ಅನ್ನುವ ಸಣ್ಣ ಉಪಕರಣಕ್ಕೆ ಎನ್‌ಎಫ್‌ಸಿ ರೂಪ (ಒಡೆದದ್ದನ್ನು ಒಂದೇ ಸಂಕೇತವಾಗಿ ಕೂಡಿಸಿದ್ದು) ಬೇಕು ಅಂತ ಹೇಳಿ ಇಡೀ ಅಪ್‌ಲೋಡ್ ಫೋಲ್ಡರ್ ಮೇಲೆ ಓಡಿಸಿದೆ. ಅದು ಮೊದಲು ಏನೇನು ಬದಲಾಗುತ್ತದೆ ಅಂತ ತೋರಿಸುತ್ತದೆ ಅಷ್ಟೇ. ಪಟ್ಟಿ ಓದಿ, ಒಪ್ಪಿಗೆಯಾದರೆ ನಿಜವಾಗಿ ಬದಲಾಯಿಸುವ ಆಯ್ಕೆ ಸೇರಿಸಬೇಕು. ಭೀಷ್ಮ ಸಿಕ್ಕ.

ಮೂರನೆಯದಕ್ಕೆ ಪರಿಹಾರ ಇಲ್ಲ, ತಿಳಿದಿರಬೇಕು ಅಷ್ಟೇ. ವರ್ಡ್‌ಪ್ರೆಸ್ ಪುಟದ ವಿಳಾಸದ ತುಂಡನ್ನು 200 ಅಕ್ಷರದ ಜಾಗದಲ್ಲಿ ಇಡುತ್ತದೆ. ಕನ್ನಡದ ಒಂದು ಸಂಕೇತ ಅಲ್ಲಿ ಶೇಕಡಾ ಚಿಹ್ನೆಗಳ ಜೊತೆ 9 ಅಕ್ಷರ ಹಿಡಿಯುತ್ತದೆ. ಅಂದರೆ 22 ಸಂಕೇತಗಳಿಗೆ ಜಾಗ ಮುಗಿಯಿತು. ಒತ್ತಕ್ಷರ, ಕಾಗುಣಿತ ಎಲ್ಲ ಎಣಿಸಿದರೆ ಎರಡು ಮೂರು ಪದ. ಉದ್ದ ಶೀರ್ಷಿಕೆಗಳಿಗೆ ವಿಳಾಸವನ್ನು ನಾವೇ ಚಿಕ್ಕದಾಗಿ ಬರೆಯುತ್ತಿದ್ದೇವೆ.

ನಮಗೆ ಕನ್ನಡ ಲಿಪಿಯ ಡಾಟ್ ಭಾರತ ಡೊಮೇನ್ ಕೂಡ ಇದೆ. ಅದನ್ನು ಅಲಿಯಾಸ್ ಆಗಿ ಸೇರಿಸಿದೆ. ಒಳಗಡೆ ಅದು ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆದ ರೂಪ) ಆಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ 2016ರ ಅಕ್ಟೋಬರ್‌ನಿಂದ ಇಂಥ ಹೆಸರುಗಳಿಗೂ ಸರ್ಟಿಫಿಕೇಟ್ ಕೊಡುತ್ತಿದೆ. ಹೆಸರು ಆರಿಸುವಾಗ ಒಂದು ಎಚ್ಚರ: ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಹಾಕುವ ಕಾಣದ ಅಕ್ಷರ ಇರುತ್ತದಲ್ಲ, ಅದು ಬೇಕಾಗುವ ಪದ ಬೇಡ. ಅದನ್ನು ಕೆಲವು ತಂತ್ರಾಂಶಗಳು ಇಟ್ಟುಕೊಳ್ಳುತ್ತವೆ, ಕೆಲವು ತೆಗೆದುಬಿಡುತ್ತವೆ. ಆಗ ಒಂದೇ ಹೆಸರು ಎರಡು ವಿಳಾಸ ಆಗಿಬಿಡುತ್ತದೆ.

ಎಲ್ಲ ಸರಿಯಾದ ಮೇಲೆ ಡಿಎನ್‌ಎಸ್ ತಿರುಗಿಸಿದೆ. ಟಿಟಿಎಲ್ (ಹಳೆಯ ಐಪಿಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಮೊದಲೇ 300 ಸೆಕೆಂಡಿಗೆ ಇಳಿಸಿದ್ದೆ. ಹೊಸ ಐಪಿ ಎಲ್ಲ ಕಡೆ ಕಾಣುವ ಮೊದಲೇ ಸರ್ಟಿಫಿಕೇಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಒಂದು ಹೆಸರಿಗೆ ಗಂಟೆಯಲ್ಲಿ 5 ಸಲ ಪರಿಶೀಲನೆ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ತಡೆಯುತ್ತದೆ. ಸರ್ಟಿಫಿಕೇಟ್‌ಗೆ 90 ದಿನ ಆಯಸ್ಸು, ಹೆಸ್ಟಿಯಾ ತಾನೇ ನವೀಕರಿಸುತ್ತದೆ. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಿಂದ ನಿಂತಿದೆ. ಅದಕ್ಕೆ ಹೊರಗಿನಿಂದ ದಿನಾ ಪರೀಕ್ಷಿಸುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ.

ವರ್ಡ್‌ಪ್ರೆಸ್‌ಗೆ ಬೇಲಿ

ವರ್ಡ್‌ಪ್ರೆಸ್‌ಗೆ ನುಗ್ಗುವವರು ಹೆಚ್ಚಾಗಿ ಬಯಸುವುದು ಒಂದೇ: ಅಪ್‌ಲೋಡ್ ಫೋಲ್ಡರಿಗೆ ಒಂದು ಪಿಎಚ್‌ಪಿ ಕಡತ ತೂರಿಸಿ ಅದನ್ನು ಓಡಿಸುವುದು. ಅಲ್ಲಿ ಪಿಎಚ್‌ಪಿ ಓಡಲೇಬಾರದು. ಹೆಸ್ಟಿಯಾ ಪ್ರತಿ ತಾಣದ ಸಂರಚನಾ ಫೋಲ್ಡರಿನಲ್ಲಿ ನಮ್ಮದೇ ಎಂಜಿನ್‌ಎಕ್ಸ್ ತುಣುಕು ಕಡತಗಳನ್ನು ಸೇರಿಸಿಕೊಳ್ಳುತ್ತದೆ. ಪ್ಯಾನೆಲ್ ಮುಖ್ಯ ಕಡತವನ್ನು ಮತ್ತೆ ಬರೆದರೂ ಇವು ಉಳಿಯುತ್ತವೆ. ಎಚ್‌ಟಿಟಿಪಿಎಸ್‌ಗೆ ಬೇರೆ ತುಣುಕು ಬೇಕು, ಅದನ್ನೂ ಹಾಕಿ.

ಸೂಕ್ಷ್ಮ ಇರುವುದು ಕ್ರಮದಲ್ಲಿ. ನಮ್ಮ ತುಣುಕು ಟೆಂಪ್ಲೇಟಿನ ಕೊನೆಗೆ ಸೇರುತ್ತದೆ. ಎಂಜಿನ್‌ಎಕ್ಸ್ ರೆಜೆಕ್ಸ್ ಲೊಕೇಶನ್‌ಗಳಲ್ಲಿ (ವಿಳಾಸವನ್ನು ಅಕ್ಷರಗಳ ಮಾದರಿಗೆ ಹೋಲಿಸುವ ನಿಯಮಗಳು) ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಆದ್ದರಿಂದ ತಡೆಯನ್ನೂ ರೆಜೆಕ್ಸ್ ಆಗಿ ಬರೆದರೆ ಮೇಲೆ ಇರುವ ಪಿಎಚ್‌ಪಿ ಸಾಲು ಗೆದ್ದುಬಿಡಬಹುದು. ಟೋಪಿ ಮತ್ತು ಟಿಲ್ಡೆ ಚಿಹ್ನೆ ಎರಡೂ ಇರುವ ಪ್ರಿಫಿಕ್ಸ್ ಲೊಕೇಶನ್ (ವಿಳಾಸದ ಆರಂಭದ ಭಾಗ ನೋಡುವ ನಿಯಮ) ಬಳಸಿ. ಅದು ಹೊಂದಿದರೆ ಎಂಜಿನ್‌ಎಕ್ಸ್ ಹೊರಗಿನ ರೆಜೆಕ್ಸ್‌ಗಳನ್ನು ನೋಡುವುದಿಲ್ಲ. ಅದರ ಒಳಗೆ ಪಿಎಚ್‌ಪಿ ಕಡತಗಳಿಗೆ ನಿರಾಕರಣೆ ಬರೆಯಿರಿ. ಒಂದು ನಿರುಪದ್ರವಿ ಪಿಎಚ್‌ಪಿ ಕಡತ ಅಲ್ಲಿಟ್ಟು ತೆರೆದು ನೋಡಿ. 403 (ಪ್ರವೇಶ ಇಲ್ಲ) ಬರಬೇಕು. ಬಂದ ಮೇಲೆ ಅಳಿಸಿ.

ಹೊರಗಿನ ತಂತ್ರಾಂಶಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ ಎಕ್ಸ್‌ಎಂಎಲ್-ಆರ್‌ಪಿಸಿ ಬಂದ್ ಮಾಡಿದೆ, ನಮಗೆ ಅದರ ಉಪಯೋಗ ಇಲ್ಲ. ಡ್ಯಾಶ್‌ಬೋರ್ಡ್‌ನಿಂದ ಥೀಮ್ ಕಡತ ತಿದ್ದುವುದನ್ನೂ ನಿಲ್ಲಿಸಿದೆ. ಡೇಟಾಬೇಸನ್ನು ಬ್ರೌಸರಿನಲ್ಲಿ ತೋರಿಸುವ ಪಿಎಚ್‌ಪಿಮೈಅಡ್ಮಿನ್ ಎಲ್ಲರೂ ಊಹಿಸುವ ವಿಳಾಸದಲ್ಲಿ ಇರುತ್ತದೆ. ಅದರ ಅಲಿಯಾಸ್ ಬದಲಾಯಿಸಿ, ಒಳಜಾಲದಿಂದ ಬಂದವರಿಗೆ ಮಾತ್ರ ಬಿಟ್ಟೆ.

ದೊಡ್ಡ ಪಿಡಿಎಫ್ ಏರಿಸಲು ಮೂರು ಮಿತಿಗಳು ಒಟ್ಟಿಗೆ ಹೊಂದಬೇಕು: ಎಂಜಿನ್‌ಎಕ್ಸ್‌ನ ಬಾಡಿ ಗಾತ್ರ, ಪಿಎಚ್‌ಪಿಯ ಪೋಸ್ಟ್ ಗಾತ್ರ, ಪಿಎಚ್‌ಪಿಯ ಕಡತದ ಗಾತ್ರ. ಪೋಸ್ಟ್ ಮಿತಿ ಕಡತದ ಮಿತಿಗಿಂತ ಸ್ವಲ್ಪ ಜಾಸ್ತಿ ಇರಲಿ. 413 ಬಂದರೆ ಎಂಜಿನ್‌ಎಕ್ಸ್ ತಡೆದಿದೆ ಅಂತ ಅರ್ಥ. ತಾಣದ ಫೋಲ್ಡರಿನ ಯೂಸರ್ ಐಎನ್‌ಐ ಕಡತದಲ್ಲಿ ಬದಲಾಯಿಸಿದರೆ ಜಾರಿಗೆ ಬರಲು 5 ನಿಮಿಷದವರೆಗೆ ಕಾಯಬೇಕು.

ಪುಸ್ತಕ ಏರಿಸುವ ಕೆಲಸ ನಮ್ಮ ನಿವೃತ್ತ ಮಾಸ್ತರರದು. ಪ್ಯಾನೆಲ್ ತೋರಿಸಲಾ ಅಂತ ಕೇಳಿದೆ. "ತಮ್ಮಾ, ನಂಗೆ ಪುಸ್ತಕ ಹಾಕೂದೊಂದು ಗೊತ್ತಾದ್ರೆ ಸಾಕು. ಉಳಿದದ್ದು ನೀ ನೋಡ್ಕ," ಅಂದರು. ಸರಿಯಾದ ಮಾತು. ಅವರಿಗೆ ವರ್ಡ್‌ಪ್ರೆಸ್‌ನಲ್ಲಿ ಲೇಖಕನ ಹುದ್ದೆ ಮಾತ್ರ ಇದೆ. ಕಡತ ಏರಿಸಬಹುದು, ತಮ್ಮ ಬರಹ ಪ್ರಕಟಿಸಬಹುದು. ಪ್ಲಗಿನ್ ಹಾಕಲು, ಬೇರೆಯವರ ಪುಟ ಮುಟ್ಟಲು ಆಗುವುದಿಲ್ಲ.

ಅಪ್‌ಡೇಟ್, ಬ್ಯಾಕಪ್

2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ ರಿಗ್ರೆಶನ್ ಅಂತ ಹೆಸರಾದ ದೋಷ ಹೊರಬಂತು. ಲಾಗಿನ್ ಆಗದೆಯೇ ರೂಟ್ ಆಗುವ ಸಾಧ್ಯತೆ ಅದರಲ್ಲಿತ್ತು. ಡೆಬಿಯನ್ 12ಕ್ಕೂ ಅದು ತಾಗುತ್ತಿತ್ತು, ತಿದ್ದುಪಡಿ ತಕ್ಷಣ ಬಂತು. ಅಂಥ ದಿನ ನಾವು ಯಾರದೋ ಮದುವೆ ಮನೆಯಲ್ಲಿ ಇರಬಹುದು. ಅದಕ್ಕೇ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಹಾಕಿದೆ. ಅದು ತಾನಾಗಿ ನೋಡುವುದು ಡೆಬಿಯನ್‌ನ ಸ್ವಂತ ರೆಪೊಸಿಟರಿಗಳನ್ನು ಮಾತ್ರ. ಹೆಸ್ಟಿಯಾ ಪಿಎಚ್‌ಪಿಯನ್ನು ತರುವುದು ಸೂರಿ ರೆಪೊಸಿಟರಿಯಿಂದ, ಎಂಜಿನ್‌ಎಕ್ಸ್ ಮತ್ತು ಮಾರಿಯಾಡಿಬಿಯನ್ನು ಅವುಗಳದೇ ರೆಪೊಸಿಟರಿಗಳಿಂದ. ಅವನ್ನು ಅನುಮತಿಸಿದ ಮೂಲಗಳ ಪಟ್ಟಿಗೆ ನಾವೇ ಸೇರಿಸಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಅಪ್‌ಡೇಟ್ ಆಗಿ, ಹೊರಗಿನವರು ದಿನಾ ತಟ್ಟುವ ಎಂಜಿನ್‌ಎಕ್ಸ್, ಪಿಎಚ್‌ಪಿಗಳೇ ಹಳೆಯವಾಗಿ ಉಳಿಯುತ್ತವೆ. ಕರ್ನೆಲ್ ಬದಲಾದರೆ ಬೆಳಗಿನ ಜಾವ ತಾನೇ ರೀಬೂಟ್ ಆಗುವಂತೆ ಇಟ್ಟಿದ್ದೇನೆ. ಆ ಹೊತ್ತಿಗೆ ಆಟ ನೋಡಿ ಮನೆಗೆ ಬಂದವರೂ ತಾಣ ತೆರೆಯುವುದಿಲ್ಲ.

ಹೆಸ್ಟಿಯಾ ಪ್ರತಿ ಬಳಕೆದಾರನ ಕಡತ, ಡೇಟಾಬೇಸ್, ಸಂರಚನೆ ಎಲ್ಲ ಸೇರಿಸಿ ಒಂದು ಟಾರ್ ಕಡತ ಮಾಡುತ್ತದೆ. ಅದು ಅದೇ ಡಿಸ್ಕ್‌ನಲ್ಲಿ ಇದ್ದರೆ ಡಿಸ್ಕ್ ಹೋದಾಗ ಅದೂ ಹೋಯಿತು. ಹೊರಗಿನ ಜಾಗಕ್ಕೆ ಸರ್ವರ್ ತಾನೇ ತಳ್ಳುವಂತೆ ಮಾಡಬಹುದು. ಆದರೆ ಆಗ ಆ ಜಾಗದ ಕೀಲಿ ಸರ್ವರ್‌ನಲ್ಲೇ ಇರುತ್ತದೆ. ಸರ್ವರ್ ಹಿಡಿದವನು ಬ್ಯಾಕಪ್ಪನ್ನೂ ಅಳಿಸುತ್ತಾನೆ. ರಾನ್ಸಮ್‌ವೇರ್ ಮಾಡುವವರು ಮೊದಲು ಹುಡುಕುವುದೇ ಅದನ್ನು. ನಾನು ಅದನ್ನು ಉಲ್ಟಾ ಮಾಡಿದೆ: ಮನೆಯಲ್ಲಿರುವ ರಾಸ್ಪ್‌ಬೆರಿ ಪೈ (ಅಂಗೈಯಗಲದ ಸಣ್ಣ ಕಂಪ್ಯೂಟರ್) ರಾತ್ರಿ ಸರ್ವರ್‌ಗೆ ಹೋಗಿ ಬ್ಯಾಕಪ್ ಎಳೆದುಕೊಂಡು ಬರುತ್ತದೆ. ಅದರ ಎಸ್‌ಎಸ್‌ಎಚ್ ಕೀಲಿಗೆ, ಒಂದೇ ಫೋಲ್ಡರಿಗೆ ಸೀಮಿತ ಮಾಡುವ ಆರ್‌ಆರ್‌ಸಿಂಕ್ ಕಟ್ಟಿದ್ದೇನೆ. ಬ್ಯಾಕಪ್ ಫೋಲ್ಡರನ್ನು ಓದಬಹುದು, ಬೇರೇನೂ ಆಗದು. ಪೈಗೆ ಹೋಗುವ ದಾರಿ ಸರ್ವರ್‌ಗೆ ಗೊತ್ತೇ ಇಲ್ಲ. ಹಳೆಯ ಪ್ರತಿಗಳನ್ನು ಪೈ ತನ್ನಲ್ಲೇ ಬೇರೆ ಇಡುತ್ತದೆ. ಕೆಟ್ಟ ಬ್ಯಾಕಪ್ ಬಂದು ಒಳ್ಳೆಯದನ್ನು ಅಳಿಸಬಾರದಲ್ಲ.

ಬ್ಯಾಕಪ್ ಸರಿ ಇದೆಯಾ ಅಂತ ತಿಳಿಯಲು ಗಂಟೆ ಲೆಕ್ಕದ ಬಾಡಿಗೆಗೆ ಇನ್ನೊಂದು ವಿಪಿಎಸ್ ಎಬ್ಬಿಸಿ, ಖಾಲಿ ಡೆಬಿಯನ್ ಮೇಲೆ ಅದೇ ಆಯ್ಕೆಗಳಲ್ಲಿ ಹೆಸ್ಟಿಯಾ ಹಾಕಿ, ಪೈನಲ್ಲಿದ್ದ ಟಾರ್ ಕಡತದಿಂದ ಬಳಕೆದಾರನನ್ನು ಮರಳಿ ತಂದೆ. ತಾಣ ಬಂತು, ಕನ್ನಡ ಸರಿಯಾಗಿ ಬಂತು, ದೀರ್ಘ ಇರುವ ಹೆಸರಿನ ಪಿಡಿಎಫ್‌ಗಳೂ ತೆರೆದವು. ಬಾರದೆ ಉಳಿದದ್ದು ವೈರ್‌ಗಾರ್ಡ್ ಸಂರಚನೆ, ಫೈರ್‌ವಾಲ್ ನಿಯಮಗಳು, ಅಪ್‌ಡೇಟ್ ಮೂಲಗಳ ಪಟ್ಟಿ. ಅವು ಬಳಕೆದಾರನ ಬ್ಯಾಕಪ್‌ನ ಭಾಗವಲ್ಲ. ಈಗ ಆ ಕಡತಗಳನ್ನೂ ಬೇರೆಯಾಗಿ ಬ್ಯಾಕಪ್ ಫೋಲ್ಡರಿಗೆ ಸೇರಿಸುವ ಕ್ರಾನ್ ಕೆಲಸ (ಹೊತ್ತಿಗೆ ಸರಿಯಾಗಿ ತಾನೇ ಓಡುವಂಥದ್ದು) ಹಾಕಿದ್ದೇನೆ. ವೈರ್‌ಗಾರ್ಡ್‌ನ ಖಾಸಗಿ ಕೀಲಿ ಅದರಲ್ಲಿ ಇರುವುದರಿಂದ ಆ ಕಟ್ಟನ್ನು ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತೇನೆ. ಅದನ್ನು ಬಿಚ್ಚುವ ಪಾಸ್‌ಫ್ರೇಸ್ ನನ್ನಲ್ಲೊಂದು, ಗೆಳೆಯನಲ್ಲೊಂದು ಕಾಗದದ ಮೇಲೆ ಇದೆ.